ಹದಿನಾಲ್ಕನೆಯ ಆಟದ ಓಪನಿಂಗ್: ಡಿಂಗ್ ಲಿರೆನ್ ಸೋತದ್ದು 55ನೆಯ ನಡೆಯಲ್ಲಿ ಮಾತ್ರವೇ?

2024ರ ಡಿಸೆಂಬರ್ 12ರಂದು ಸಿಂಗಪುರದ ಸೆಂಟೋಸಾದಲ್ಲಿ ನಡೆದ ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನ 14ನೆಯ ಹಾಗೂ ಕೊನೆಯ ಕ್ಲಾಸಿಕಲ್ (ದೀರ್ಘ ಸಮಯದ) ಆಟದಲ್ಲಿ ಚೀನಾದ ಡಿಂಗ್ ಲಿರೆನ್ ತಮ್ಮ 55ನೆಯ ನಡೆಯಾಗಿ ಆನೆಯನ್ನು ಎಫ್2 ಮನೆಗೆ (ಬೋರ್ಡಿನ ಕಂಬಸಾಲುಗಳಿಗೆ ಎಯಿಂದ ಎಚ್, ಅಡ್ಡಸಾಲುಗಳಿಗೆ 1ರಿಂದ 8 ಎಂದು ಹೆಸರು) ತಂದಿಟ್ಟರು. ಮೂರೇ ನಡೆಗಳ ನಂತರ ಅವರು ಸೋಲೊಪ್ಪಿಕೊಂಡರು; 7.5–6.5 ಅಂಕಗಳಿಂದ 18 ವರ್ಷದ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದರು. 1985ರಲ್ಲಿ 22ನೆಯ ವಯಸ್ಸಿಗೆ ಪಟ್ಟವೇರಿದ್ದ ಗ್ಯಾರಿ ಕಾಸ್ಪರೋವ್ ಅವರ ದಾಖಲೆ ಅಂದು ಮುರಿಯಿತು. ಅಂದಿನಿಂದ ಇಂದಿನವರೆಗೂ ಈ ಆಟದ ಬಗ್ಗೆ ಹೆಚ್ಚಾಗಿ ಕೇಳಿಬರುವ ಮಾತೆಂದರೆ, ಡ್ರಾ ಆಗಬೇಕಿದ್ದ ಪಂದ್ಯ ಒಂದೇ ಒಂದು ಎಡವಟ್ಟಿನಿಂದ ಕೈತಪ್ಪಿತು ಎಂಬುದು. ಲೆಕ್ಕಾಚಾರದ ದೃಷ್ಟಿಯಿಂದ ಈ ಮಾತು ಸರಿ. ಆ ನಡೆಗೆ ಮುಂಚೆ ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಎಂಜಿನ್‌ಗಳು ಸ್ಥಿತಿಯನ್ನು ಸಮಬಲವೆಂದೇ ತೋರಿಸುತ್ತಿದ್ದವು. ಆದರೆ ಆಟವನ್ನು ಮೊದಲ ನಡೆಯಿಂದ ಮತ್ತೆ ಆಡಿ ನೋಡಿದವರಿಗೆ, ಆ ಎಡವಟ್ಟಿನ ಹಿಂದಿದ್ದ ಮನೋಧರ್ಮ ಓಪನಿಂಗ್ (ಆಟದ ಆರಂಭದ ನಡೆಗಳ ಘಟ್ಟ) ಮುಗಿದ ಹೊತ್ತಿಗೇ ಕಾಣಿಸಿಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ. ಕಂಪ್ಯೂಟರ್ ಯುಗದಲ್ಲಿ ಓಪನಿಂಗ್‌ನ ಕೆಲಸವಾದರೂ ಏನು ಎಂಬ ಈಗಿನ ಚರ್ಚೆಗೂ ಈ ಆಟ ಒಳ್ಳೆಯ ಸಾಕ್ಷ್ಯ ಒದಗಿಸುತ್ತದೆ.

ಆ ದಿನ ಇಬ್ಬರೂ ಬೋರ್ಡಿನ ಮುಂದೆ ಕುಳಿತಾಗ ಅಂಕ 6.5–6.5 ಇತ್ತು. ಹನ್ನೊಂದನೆಯ ಆಟವನ್ನು ಗುಕೇಶ್ ಗೆದ್ದಿದ್ದರು. ಮರು ಆಟದಲ್ಲೇ ಇಂಗ್ಲಿಷ್ ಓಪನಿಂಗ್ ಆಡಿದ ಡಿಂಗ್, ಇಡೀ ಪಂದ್ಯಾವಳಿಯಲ್ಲೇ ಅತ್ಯಂತ ಅಚ್ಚುಕಟ್ಟಾದದ್ದು ಎನ್ನಬಹುದಾದ ಗೆಲುವಿನಿಂದ ಸಮ ಮಾಡಿದ್ದರು. ಹದಿಮೂರನೆಯದರ ಓಪನಿಂಗ್ ಫ್ರೆಂಚ್ ಡಿಫೆನ್ಸ್, ಫಲಿತಾಂಶ ಡ್ರಾ. ಕೊನೆಯ ಆಟದಲ್ಲಿ ಬಿಳಿ ಕಾಯಿಗಳು ಡಿಂಗ್ ಅವರ ಪಾಲಿಗೆ ಬಂದಿದ್ದವು. ಈ ಆಟ ಡ್ರಾ ಆಗಿದ್ದರೆ ಮರುದಿನ ವಿಜೇತರನ್ನು ನಿರ್ಧರಿಸುವ ವೇಗದ ಆಟಗಳ ರ‍್ಯಾಪಿಡ್ ಟೈಬ್ರೇಕ್ ನಡೆಯುತ್ತಿತ್ತು. ಡಿಂಗ್ 2023ರಲ್ಲಿ ಅಸ್ತಾನಾದಲ್ಲಿ ಇಯಾನ್ ನೆಪೊಮ್ನಿಯಾಚಿ ವಿರುದ್ಧ ಪಟ್ಟ ಗೆದ್ದದ್ದೂ ರ‍್ಯಾಪಿಡ್ ಟೈಬ್ರೇಕ್‌ನಲ್ಲೇ. ವೇಗದ ಆಟದಲ್ಲಿ ಗುಕೇಶ್ ಅವರಿಗಿಂತ ಡಿಂಗ್ ಮೇಲು ಎಂಬುದು ಆಗ ಬಹುಮಂದಿ ಒಪ್ಪಿಕೊಂಡಿದ್ದ ಸಂಗತಿ. ಹಾಗಾಗಿ ಬಿಳಿಯರ, ಅಂದರೆ ಡಿಂಗ್ ಅವರ, ಮುಂದೆ ಎರಡು ದಾರಿಗಳಿದ್ದವು: ಬಿಳಿ ಕಾಯಿಗಳ ಅನುಕೂಲವನ್ನು ಬಳಸಿ ಗೆಲುವಿಗೆ ಕೈಹಾಕುವುದು, ಇಲ್ಲವೇ ಅಪಾಯವಿಲ್ಲದೆ ದಿನ ಕಳೆದು ಟೈಬ್ರೇಕ್‌ಗೆ ಹೋಗುವುದು. ಡಿಂಗ್ ಆರಿಸಿಕೊಂಡ ಓಪನಿಂಗ್ ಎರಡೂ ದಾರಿಗಳನ್ನು ತೆರೆದಿಡುವಂಥದ್ದು. ಅಲ್ಲಿಂದ ಮುಂದೆ ಅವರು ಪ್ರತಿ ಕವಲಿನಲ್ಲೂ ಎರಡನೆಯ ದಾರಿಯನ್ನೇ ಹಿಡಿದರು.

ಮೊದಲ ನಡೆ ಬಿಳಿ ಕುದುರೆ ಎಫ್3ಕ್ಕೆ. ರಿಚರ್ಡ್ ರೆಟಿ 1924ರಲ್ಲಿ ನ್ಯೂಯಾರ್ಕ್‌ನಲ್ಲಿ, ಎಂಟು ವರ್ಷಗಳಿಂದ ಸೋಲನ್ನೇ ಕಾಣದಿದ್ದ ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನು ಮಣಿಸಿದ್ದು ಇದೇ ನಡೆಯಿಂದ ಶುರುವಾದ ಆಟದಲ್ಲಿ. ಅದಕ್ಕೇ ಇದಕ್ಕೆ ಅವರ ಹೆಸರು ಅಂಟಿಕೊಂಡಿದೆ. ಗುಕೇಶ್ ಕಾಲಾಳನ್ನು ಡಿ5ಕ್ಕೆ ನಡೆಸಿದರು. ಡಿಂಗ್ ಜಿ3 ಆಡಿದರು, ಗುಕೇಶ್ ಸಿ5 ಆಡಿ ನಡುಭಾಗದಲ್ಲಿ ಹೆಚ್ಚು ಜಾಗ ಹಿಡಿದರು. ಮೂರನೆಯ ನಡೆಯಲ್ಲಿ ಬಿಳಿ ಒಂಟೆ ಜಿ2 ಮನೆಗೆ ಬಂದಿತು. ಕಪ್ಪು ಕುದುರೆ ಸಿ6ಕ್ಕೆ ಬಂದೊಡನೆ ಬಿಳಿಯರು ಡಿ4 ಆಡಿ ಆ ನಡುಭಾಗದ ಮೇಲೆ ನೇರವಾಗಿ ಕೈಹಾಕಿದರು. ಈ ವ್ಯೂಹವನ್ನು ಚೆಸ್ ಆಡುವವರು ತಿರುಗಿಸಿದ ಗ್ರುನ್‌ಫೆಲ್ಡ್ ಎನ್ನುತ್ತಾರೆ. ಆಸ್ಟ್ರಿಯಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ 1922ರಲ್ಲಿ ಮೊದಲು ಬಳಕೆಗೆ ತಂದ ಗ್ರುನ್‌ಫೆಲ್ಡ್ ಡಿಫೆನ್ಸ್ ಕಪ್ಪು ಕಾಯಿಗಳ ಆಯುಧ: ಎದುರಾಳಿಗೆ ನಡುಭಾಗವನ್ನು ಬಿಟ್ಟುಕೊಟ್ಟು, ಬದಿಯಲ್ಲಿ ಕೂತ ಒಂಟೆಯ ನೆರವಿನಿಂದ ದೂರದಿಂದಲೇ ಅದನ್ನು ಕೊರೆಯುವುದು ಅದರ ತಂತ್ರ. ಅದೇ ತಂತ್ರವನ್ನು ಬಿಳಿಯರು ಬಳಸಿದರೆ ಅವರಿಗೆ ಒಂದು ನಡೆ ಹೆಚ್ಚಿಗೆ ಸಿಕ್ಕಿರುತ್ತದೆ. ಆ ಒಂದು ನಡೆಯಿಂದ ಭಾರಿ ಅನುಕೂಲವೇನೂ ಆಗುವುದಿಲ್ಲ. ಆದರೆ ಕಪ್ಪು ಕಾಯಿಗಳಲ್ಲೇ ಗಟ್ಟಿಯೆನಿಸಿಕೊಂಡ ಒಂದು ವ್ಯೂಹವನ್ನು ಇನ್ನೂ ಸ್ವಲ್ಪ ಗಟ್ಟಿಮಾಡಿಕೊಂಡು ಆಡುವ ನೆಮ್ಮದಿ ಇರುತ್ತದೆ.

ಗುಕೇಶ್ ಕೊಟ್ಟ ಉತ್ತರ ಕುತೂಹಲಕಾರಿಯಾದದ್ದು. ಡಿ4ರಲ್ಲಿ ಕಾಲಾಳುಗಳು ಬದಲಾಗಿ (ಇಬ್ಬರದೂ ಒಂದೊಂದು ಹೊಡೆತಕ್ಕೆ ಸಿಕ್ಕಿ) ಬಿಳಿ ಕುದುರೆ ಅಲ್ಲಿ ಕುಳಿತ ಮೇಲೆ, ಅವರು ತಮ್ಮ ಎರಡನೆಯ ಕುದುರೆಯನ್ನು ಎಫ್6ಕ್ಕೆ ತರಲಿಲ್ಲ, ಇ7ಕ್ಕೆ ತಂದರು. ಡಿಂಗ್ ಸಿ4 ಆಡಿದೊಡನೆ ಗುಕೇಶ್ ಡಿ4ರ ಕುದುರೆಯನ್ನು ಹೊಡೆದರು. ಬಿಳಿ ರಾಣಿ ಅದನ್ನು ಮರಳಿ ಹೊಡೆಯಿತು. ಇ7ರಲ್ಲಿ ಕಾದಿದ್ದ ಕುದುರೆ ಸಿ6ಕ್ಕೆ ಹಾರಿ ಆ ರಾಣಿಯನ್ನು ಅಟ್ಟಿತು. ರಾಣಿ ಡಿ1ಕ್ಕೆ, ಅಂದರೆ ಹೊರಟ ಮನೆಗೇ ಮರಳಿತು. ಒಂಬತ್ತನೆಯ ನಡೆಯಾಗಿ ಗುಕೇಶ್ ಡಿ ಕಾಲಾಳನ್ನು ಡಿ4ಕ್ಕೆ ಮುನ್ನಡೆಸಿದರು. ಈ ನಡೆ ಜಾಗವನ್ನು ಗಳಿಸಿತು, ಬೆಲೆಯನ್ನೂ ಕೇಳಿತು. ಡಿ5ರಲ್ಲಿ ಆ ಕಾಲಾಳು ಇದ್ದಷ್ಟು ಹೊತ್ತು ಜಿ2ರ ಒಂಟೆ ಗೋಡೆಯನ್ನು ನೋಡುತ್ತಿತ್ತು. ಅದು ಮುಂದೆ ಹೋದ ಮೇಲೆ ಎಚ್1ರಿಂದ ಎ8ರವರೆಗಿನ ಉದ್ದ ಕರ್ಣ ಪೂರ್ತಿ ತೆರೆದುಕೊಂಡು, ಸಿ6ರ ಕುದುರೆಯ ಮೇಲೂ ಅದರ ಹಿಂದಿನ ಬಿ7ರ ಮೇಲೂ ಒತ್ತಡ ಬಿತ್ತು. ಡಿಂಗ್ ತಡಮಾಡದೆ ಇ3 ಆಡಿ ಡಿ4ರ ಕಾಲಾಳನ್ನು ಬದಲಾಯಿಸಿಕೊಂಡರು. ಹದಿಮೂರನೆಯ ನಡೆಯ ಹೊತ್ತಿಗೆ ಬಿಳಿಯರಿಗೆ ರಾಣಿಯ ಬದಿಯಲ್ಲಿ ಎರಡಕ್ಕೆದುರಾಗಿ ಮೂರು ಕಾಲಾಳುಗಳು, ಕಪ್ಪಿನವರಿಗೆ ಇನ್ನೊಂದು ಬದಿಯಲ್ಲಿ ಮೂರಕ್ಕೆದುರಾಗಿ ನಾಲ್ಕು. ಜಿ2ರ ಒಂಟೆಗೆ ತಡೆಯೇ ಇರಲಿಲ್ಲ. ಓಪನಿಂಗ್ ತನ್ನ ಕೆಲಸ ಮಾಡಿತ್ತು: ಬಿಳಿಯರು ತುಸು ಮೇಲು, ಅಪಾಯವೇನೂ ಇಲ್ಲ. ಒಂಟೆಯನ್ನು ಜಿ2ರಲ್ಲಿಟ್ಟು ಆಡುವ ಕ್ಯಾಟಲಾನ್ ಮಾದರಿಯ ಆಟವನ್ನು ವರ್ಷಗಟ್ಟಲೆ ಆಡಿರುವ ಡಿಂಗ್ ಅವರಿಗೆ ಇಂಥ ಸ್ಥಿತಿಗಳು ಕೈಗೆ ಪಳಗಿದಂಥವು.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ನೋಡಬೇಕು. 17ನೆಯ ನಡೆಯ ನಂತರ ಕಪ್ಪಿನವರ ಒಂದು ಒಂಟೆ ಡಿ4ರಲ್ಲೂ ಇನ್ನೊಂದು ಇ6ರಲ್ಲೂ ಇದ್ದವು. ಬಿಳಿಯರ ಒಂಟೆಗಳು ಬಿ2 ಮತ್ತು ಜಿ2ರಲ್ಲಿ. ಡಿಂಗ್ ಕುದುರೆಯನ್ನು ಡಿ5ಕ್ಕೆ ಏರಿಸಿದರು. ನೋಡುವುದಕ್ಕೆ ಕುದುರೆಗೆ ಅದಕ್ಕಿಂತ ಭರ್ಜರಿ ಮನೆ ಇಲ್ಲ, ಆದರೆ ತಮ್ಮದೇ ಒಂಟೆಯ ಕರ್ಣಕ್ಕೆ ಅಡ್ಡ ನಿಂತ ಕುದುರೆ ಅದು. ಗುಕೇಶ್ ಬಿ5 ಆಡಿ ರಾಣಿ ಬದಿಯ ಆ ಮೂರು ಕಾಲಾಳುಗಳ ಗುಂಪನ್ನೇ ಒಡೆದರು. ಕಾಲಾಳುಗಳು ಬದಲಾದ ಮೇಲೆ ಕುದುರೆಯನ್ನು ಇ3ಕ್ಕೆ ಹಿಂತೆಗೆದು ಕಾಯಿಗಳನ್ನು ಉಳಿಸಿಕೊಂಡು ಆಡುವ ದಾರಿ ಬೋರ್ಡಿನ ಮೇಲಿತ್ತು. ಡಿಂಗ್ ಹಾಗೆ ಮಾಡದೆ ಕುದುರೆಯನ್ನು ಎಫ್4ಕ್ಕೆ ತಂದು ಅಲ್ಲೇ ಬಲಿಕೊಟ್ಟರು: ಕಪ್ಪಿನವರು ಅದನ್ನು ಹೊಡೆದರೆ ಜಿ2ರ ಒಂಟೆ ಸಿ6ರ ಕುದುರೆಯನ್ನು ಹೊಡೆಯುತ್ತದೆ, ಜೊತೆಗೆ ಕಪ್ಪು ಮನೆಗಳ ಒಂಟೆಗಳೂ ಬಿ2ರಲ್ಲಿ ಬದಲಾಗುತ್ತವೆ. ಎರಡೇ ನಡೆಗಳಲ್ಲಿ ಕುದುರೆಗೆ ಕುದುರೆ, ಒಂಟೆಗೆ ಒಂಟೆ ಹೋಗಿ ಬೋರ್ಡು ಅರ್ಧ ಖಾಲಿಯಾಯಿತು. ತಂತ್ರವಾಗಿ ಅದು ಸೊಗಸಾದ ಲೆಕ್ಕ. ಆದರೆ ಈ ಬದಲಾವಣೆಯ ಫಲವಾಗಿ ಇಬ್ಬರ ಬಳಿಯೂ ಉಳಿದದ್ದು ಬಿಳಿ ಮನೆಗಳ ಒಂಟೆಯೇ. ಒಬ್ಬರದು ಬಿಳಿ ಮನೆಯದು, ಇನ್ನೊಬ್ಬರದು ಕಪ್ಪು ಮನೆಯದು ಉಳಿದಿದ್ದರೆ ಒಂದು ಕಾಲಾಳು ಕಡಿಮೆಯಿದ್ದವರೂ ನಿದ್ದೆಗಣ್ಣಿನಲ್ಲಿ ಡ್ರಾ ಮಾಡಬಹುದಿತ್ತು. ಒಂದೇ ಬಣ್ಣದ ಮನೆಗಳ ಒಂಟೆಗಳಾದರೆ ಅವು ಎಂದಾದರೊಂದು ದಿನ ಎದುರುಬದುರಾಗಿ ಬದಲಾಗಿಬಿಡುವ ಸಾಧ್ಯತೆ ಇದ್ದೇ ಇರುತ್ತದೆ.

ಇದಕ್ಕಿಂತಲೂ ಹೆಚ್ಚು ಹೇಳುವಂಥದ್ದು 29ನೆಯ ನಡೆ. ಆಗ ಬಿಳಿಯರಿಗೆ ಮೂರು ಕಾಲಾಳುಗಳು, ಕಪ್ಪಿನವರಿಗೂ ಮೂರೇ. ಬಿಳಿಯರದರಲ್ಲಿ ಬಿ3ರಲ್ಲಿದ್ದ ಒಂದರ ಮುಂದೆ ತಡೆಯುವ ಎದುರಾಳಿ ಕಾಲಾಳು ಯಾವುದೂ ಇರಲಿಲ್ಲ. ಅದು ಕೊನೆಯವರೆಗೂ ಓಡಬಲ್ಲ ಕಾಲಾಳು. ಅದರ ಮೇಲೆ ಕಪ್ಪು ರಾಣಿ, ಆನೆ, ಒಂಟೆ ಮೂರರ ಕಣ್ಣೂ ಇತ್ತು ಎಂಬುದೂ ನಿಜ. ಡಿಂಗ್ ಅದನ್ನು ಕಾಯುವ ಬದಲು ಬಿ4ಕ್ಕೆ ತಳ್ಳಿ ತಾವಾಗಿಯೇ ಬಿಟ್ಟುಕೊಟ್ಟರು. ರಾಣಿಗಳು ಹೋದವು, ಒಂದು ಜೊತೆ ಆನೆಗಳೂ ಹೋದವು. 32ನೆಯ ನಡೆಯ ಕೊನೆಗೆ ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ. ಗುಕೇಶ್ ಅವರಿಗೆ ಒಂದೇ ಬದಿಯಲ್ಲಿ ಮೂರು ಕಾಲಾಳುಗಳು, ಡಿಂಗ್ ಅವರಿಗೆ ಅದೇ ಬದಿಯಲ್ಲಿ ಎರಡು. ಪುಸ್ತಕದ ಪ್ರಕಾರ ಇದು ಡ್ರಾ. ಎಲ್ಲ ಕಾಲಾಳುಗಳೂ ಒಂದೇ ಬದಿಯಲ್ಲಿದ್ದಾಗ ಹೆಚ್ಚಿನ ಒಂದು ಕಾಲಾಳಿನಿಂದ ಗೆಲ್ಲುವುದು ಬಹಳ ಕಷ್ಟ ಎಂಬುದನ್ನು ಗ್ರ್ಯಾಂಡ್‌ಮಾಸ್ಟರ್‌ಗಳಿಗೆ ಹೇಳಿಕೊಡಬೇಕಿಲ್ಲ. ಆದರೆ ಪುಸ್ತಕ ಹೇಳದಿರುವ ಇನ್ನೊಂದು ಸಂಗತಿಯಿದೆ: ಇಂಥ ಸ್ಥಿತಿಯಲ್ಲಿ ಒಬ್ಬರು ಮಾತ್ರ ನರಳುತ್ತಾರೆ. ಗುಕೇಶ್ ಅವರಿಗೆ ಸೋಲುವ ಭಯವಿರಲಿಲ್ಲ, ಅವರು ಎಷ್ಟು ಹೊತ್ತು ಬೇಕಾದರೂ ಸುಮ್ಮನೆ ತಳ್ಳುತ್ತಿರಬಹುದಿತ್ತು. ಗಡಿಯಾರದಲ್ಲೂ ಅವರು ಬಹಳ ಮುಂದಿದ್ದರು. ಬಿಳಿಯರಾಗಿ ಓಪನಿಂಗ್‌ನಿಂದ ತುಸು ಮೇಲುಗೈ ಪಡೆದು ಹೊರಬಂದಿದ್ದವರು ಇಪ್ಪತ್ತು ನಡೆಗಳೊಳಗೆ ತಮ್ಮ ಇಚ್ಛೆಯಿಂದಲೇ ಬರೀ ತಡೆದುಕೊಳ್ಳುವವರಾಗಿದ್ದರು.

ಈಗ ಜಿ2ರ ಆ ಒಂಟೆಯ ಕಡೆ ಗಮನ ಕೊಡಿ. ಮೂರನೆಯ ನಡೆಯಲ್ಲಿ ಹೊರಬಂದ ಅದು ಜಿ2ರಿಂದ ಸಿ6ಕ್ಕೆ ಹೋಯಿತು, ಎಫ್3ಕ್ಕೆ ಬಂತು, ಎ8ರಲ್ಲಿ ಆನೆಯನ್ನು ಹೊಡೆಯಿತು, ಡಿ5, ಎಫ್3, ಮತ್ತೆ ಡಿ5, ಬಿ7, ಕೊನೆಗೆ 53ನೆಯ ನಡೆಯಲ್ಲಿ ಎ8ರ ಮೂಲೆ. ಇಡೀ ಆಟದಲ್ಲಿ ಅದು ಉದ್ದ ಕರ್ಣವನ್ನು ಬಿಟ್ಟು ಆಚೆ ಕಾಲಿಡಲೇ ಇಲ್ಲ. 52ನೆಯ ನಡೆಯಲ್ಲಿ ಕಪ್ಪು ಆನೆ ಬಿ2ಕ್ಕೆ ಬಂದು ಬಿ7ರಲ್ಲಿದ್ದ ಆ ಒಂಟೆಯ ಮೇಲೆ ಎರಗಿದಾಗ ಅದಕ್ಕೆ ಹೋಗಲು ಎ6 ಇತ್ತು, ಸಿ6 ಇತ್ತು. ಎರಡೂ ಕಡೆ ಅದಕ್ಕೆ ಇನ್ನೊಂದು ದಿಕ್ಕಿನ ಕರ್ಣವೂ ಸಿಗುತ್ತಿತ್ತು. ಡಿಂಗ್ ಮೂಲೆಯನ್ನು ಆರಿಸಿದರು. ಮೂಲೆಯಲ್ಲಿ ಕೂತ ಒಂಟೆಗೆ ಒಂದೇ ದಾರಿ. ಗುಕೇಶ್ ರಾಜನನ್ನು ಎಫ್6ಕ್ಕೂ ಅಲ್ಲಿಂದ ಇ5ಕ್ಕೂ ತಂದರು. ಅಷ್ಟರಲ್ಲಿ ಬಿಳಿ ಆನೆ ಎಫ್4ರಲ್ಲಿತ್ತು, ಜಿ3ರ ಕಾಲಾಳು ಅದನ್ನು ಕಾಯುತ್ತಿತ್ತು. ಗಾಬರಿಪಡುವಂಥದ್ದು ಏನೂ ಇರಲಿಲ್ಲ. ಆಗ ಡಿಂಗ್ ಆನೆಯನ್ನು ಎಫ್2ಕ್ಕೆ ಎಳೆದು ಆನೆಗಳ ಬದಲಾವಣೆಗೆ ಕೈಯೊಡ್ಡಿದರು. ಗುಕೇಶ್ ಆನೆಯನ್ನು ಹೊಡೆದರು, ರಾಜ ಮರಳಿ ಹೊಡೆದ, ಆಮೇಲೆ ಕಪ್ಪು ಒಂಟೆ ಡಿ5ಕ್ಕೆ ಬಂದು ನಿಂತಿತು, ಬೆನ್ನಿಗೆ ರಾಜ. ಎ8, ಬಿ7, ಸಿ6 — ಬಿಳಿ ಒಂಟೆ ಎಲ್ಲಿದ್ದರೂ ಹೊಡೆತ ತಪ್ಪದು, ಬದಲಾವಣೆ ಅನಿವಾರ್ಯ. ಉಳಿದದ್ದು ರಾಜ ಮತ್ತು ಕಾಲಾಳುಗಳು: ಒಂದು ಬಿಳಿ ಕಾಲಾಳಿಗೆ ಎದುರಾಗಿ ಎರಡು ಕಪ್ಪು. 58ನೆಯ ನಡೆಯಲ್ಲಿ ಕಪ್ಪು ರಾಜ ಇ5ರಲ್ಲಿ, ಬಿಳಿ ರಾಜ ಇ3ರಲ್ಲಿ, ನಡುವೆ ಒಂದೇ ಮನೆ, ಸರದಿ ಬಿಳಿಯರದು. ಹಾಗೆ ಎದುರು ನಿಂತಾಗ ಮೊದಲು ಸರಿಯಬೇಕಾದ ರಾಜ ದಾರಿ ಬಿಡಬೇಕು, ಜಿ3ರ ಕಾಲಾಳು ಬೀಳಬೇಕು. ಡಿಂಗ್ ಅಲ್ಲಿಗೇ ನಿಲ್ಲಿಸಿದರು.

ದಣಿವಿನಲ್ಲಿ ಆದ ಎಡವಟ್ಟು ಎಂದು ಇದನ್ನು ಕರೆಯುವವರೊಡನೆ ನನಗೆ ಜಗಳವಿಲ್ಲ. ಆದರೆ ದಣಿದ ಕೈ ಯಾವ ದಿಕ್ಕಿಗೆ ಚಾಚುತ್ತದೆ ಎಂಬುದು ಆಕಸ್ಮಿಕವಲ್ಲ. 20ನೆಯ ನಡೆಯಲ್ಲಿ ಬದಲಾವಣೆ, 29ರಲ್ಲಿ ಕಾಲಾಳು ಬಿಟ್ಟು ಬದಲಾವಣೆ, 31ರಲ್ಲಿ ಆನೆಗಳ ಬದಲಾವಣೆ, 55ರಲ್ಲಿ ಉಳಿದ ಆನೆಗಳ ಬದಲಾವಣೆ. ಕಾಯಿಗಳು ಕಡಿಮೆಯಾದಷ್ಟೂ ಕ್ಷೇಮ ಎಂಬ ಒಂದೇ ಸೂತ್ರ ಮೂರು ಸಲ ಫಲಿಸಿ ನಾಲ್ಕನೆಯ ಸಲ ಕೈಕೊಟ್ಟಿತು.

ಹಾಗಾದರೆ ಓಪನಿಂಗ್ ಆಯ್ಕೆಯೇ ತಪ್ಪಾಗಿತ್ತೇ? ಈ ಪ್ರಶ್ನೆಗೆ ಉತ್ತರಿಸುವ ಮುನ್ನ ಮೇಲ್ಮಟ್ಟದ ಚೆಸ್‌ನಲ್ಲಿ ಓಪನಿಂಗ್‌ನ ಸ್ಥಾನ ಹೇಗೆ ಬದಲಾಗಿದೆ ಎಂಬುದನ್ನು ನೋಡಬೇಕಾಗುತ್ತದೆ. 2000ದಲ್ಲಿ ಲಂಡನ್‌ನಲ್ಲಿ ವ್ಲಾದಿಮಿರ್ ಕ್ರಾಮ್ನಿಕ್, ಬರ್ಲಿನ್ ಡಿಫೆನ್ಸ್ ಎಂಬ ಹಳೆಯ ವ್ಯೂಹವನ್ನು ಧೂಳು ಕೊಡವಿ ತಂದು ಕಾಸ್ಪರೋವ್ ಅವರಿಗೆ ಒಂದೂ ಆಟ ಗೆಲ್ಲಲು ಬಿಡಲಿಲ್ಲ. ಓಪನಿಂಗ್ ಒಂದೇ ಪಟ್ಟ ತಂದುಕೊಡಬಲ್ಲದು ಎಂದು ಆಗ ಎಲ್ಲರೂ ನಂಬಿದರು. ಆನಂತರ ಎಂಜಿನ್‌ಗಳು ಎಲ್ಲರ ಲ್ಯಾಪ್‌ಟಾಪಿಗೂ ಬಂದವು. ಒಬ್ಬರು ಕಂಡುಹಿಡಿದ ಹೊಸ ನಡೆಗೆ ಮರುದಿನವೇ ಉತ್ತರ ಸಿಗುವಂತಾಯಿತು. 2018ರಲ್ಲಿ ಲಂಡನ್‌ನಲ್ಲೇ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಫ್ಯಾಬಿಯಾನೊ ಕರುವಾನಾ ನಡುವಿನ ಹನ್ನೆರಡಕ್ಕೆ ಹನ್ನೆರಡು ಕ್ಲಾಸಿಕಲ್ ಆಟಗಳೂ ಡ್ರಾ ಆದಾಗ, ಸಿದ್ಧತೆಯೇ ಆಟವನ್ನು ನುಂಗಿತು ಎಂಬ ಕೂಗು ಎದ್ದಿತು. ಆ ಕೂಗಿಗೆ ಸಿಂಗಪುರ ಪೂರ್ತಿ ಸೊಪ್ಪು ಹಾಕಲಿಲ್ಲ: ಹದಿನಾಲ್ಕರಲ್ಲಿ ಐದು ಆಟಗಳಲ್ಲಿ ಗೆಲುವು ಸೋಲು ತೀರ್ಮಾನವಾಯಿತು.

ಅಲ್ಲಿ ಓಪನಿಂಗ್‌ಗಳು ಮಾಡಿದ ಕೆಲಸ ಬೇರೆಯಾಗಿತ್ತು. ಮೊದಲ 40 ನಡೆಗಳಿಗೆ ತಲಾ 120 ನಿಮಿಷ. ನಡೆಗೆ 30 ಸೆಕೆಂಡ್ ಸೇರುವುದು 41ನೆಯ ನಡೆಯಿಂದ ಮಾತ್ರ. ಈ ನಿಯಮದಲ್ಲಿ ಓಪನಿಂಗ್‌ನಲ್ಲಿ ಕಳೆದ ಪ್ರತಿ ನಿಮಿಷವೂ ಮುಂದೆ ಮರಳಿ ಸಿಗದ ನಿಮಿಷ. ಹನ್ನೊಂದನೆಯ ಆಟದಲ್ಲಿ ಗುಕೇಶ್ ಮೂರನೆಯ ನಡೆಯಲ್ಲೇ ಬಿ4 ಆಡಿ, ಬ್ಲೂಮೆನ್‌ಫೆಲ್ಡ್ ಗ್ಯಾಂಬಿಟ್ಟಿನ (ಅನುಕೂಲಕ್ಕಾಗಿ ಕಾಲಾಳನ್ನು ಬಿಟ್ಟುಕೊಡುವ ಓಪನಿಂಗ್) ಬಣ್ಣ ತಿರುಗಿಸಿದಂಥ ಅಪರೂಪದ ಸ್ಥಿತಿಗೆ ಎದುರಾಳಿಯನ್ನು ಎಳೆದರು. ಆ ಸ್ಥಿತಿ ಬಿಳಿಯರಿಗೆ ಹೇಳಿಕೊಳ್ಳುವಂಥ ಮೇಲುಗೈ ಕೊಡುವುದಿಲ್ಲ. ಆದರೂ ಮೊದಲ ಕೆಲವು ನಡೆಗಳಲ್ಲೇ ಇಬ್ಬರೂ ದೀರ್ಘ ಯೋಚನೆಗೆ ಬಿದ್ದರು, ಮತ್ತು ಸಮಯ ಕರಗಿದ ಮೇಲೆ ಡಿಂಗ್ 28ನೆಯ ನಡೆಯಲ್ಲಿ ರಾಣಿಯನ್ನು ತಪ್ಪು ಮನೆಗಿಟ್ಟು ಮರುನಡೆಗೇ ಸೋಲೊಪ್ಪಿದರು. ಎಂಜಿನ್ ತೋರಿಸುವ ಅಂಕದಲ್ಲಿ ಒಂದು ಓಪನಿಂಗ್‌ನ ಬೆಲೆ ಎಷ್ಟು ಎಂಬುದಕ್ಕಿಂತ, ಅದು ಎದುರಾಳಿಯನ್ನು ಎಷ್ಟು ಬೇಗ ಸ್ವಂತ ಯೋಚನೆಗೆ ದೂಡುತ್ತದೆ ಎಂಬುದೇ ಈಗ ತಂಡಗಳು ಅಳೆಯುವ ಅಳತೆ.

ಈ ಅಳತೆಯಿಂದ ನೋಡಿದರೆ ತಿರುಗಿಸಿದ ಗ್ರುನ್‌ಫೆಲ್ಡ್ ಕೆಟ್ಟ ಆಯ್ಕೆಯೇನೂ ಅಲ್ಲ. ಹೋಲಿಕೆಗೆ 2021ರ ಡಿಸೆಂಬರ್‌ನಲ್ಲಿ ದುಬೈನಲ್ಲಿ ಕಾರ್ಲ್‌ಸನ್ ಮತ್ತು ನೆಪೊಮ್ನಿಯಾಚಿ ಆಡಿದ ಆರನೆಯ ಆಟವಿದೆ. ಮೊದಲ ಐದೂ ಡ್ರಾ ಆಗಿದ್ದವು. ಕಾರ್ಲ್‌ಸನ್ ಅಂದು ಡಿ4ರಿಂದ ತೊಡಗಿ ಮೂರನೆಯ ನಡೆಯಲ್ಲಿ ಜಿ3 ಆಡಿ, ನಾಲ್ಕನೆಯದರಲ್ಲಿ ಒಂಟೆಯನ್ನು ಜಿ2ಕ್ಕೆ ತಂದರು. ಓಪನಿಂಗ್‌ನಿಂದ ಗಳಿಸಿದ್ದು ಬಹುಪಾಲು ಸೊನ್ನೆಯೇ. ಅಲ್ಲಿಯೂ ಒಂಟೆ ಅದೇ ಮನೆಯಲ್ಲಿ, ಸಿದ್ಧಾಂತದ ಭಾರವಿಲ್ಲದ ಅಂಥದ್ದೇ ಸಾಧಾರಣ ವ್ಯೂಹದಲ್ಲಿ. ಆದರೆ ಕಾರ್ಲ್‌ಸನ್ ಅದನ್ನು ಆರಿಸಿಕೊಂಡದ್ದು ಕಾಯಿಗಳನ್ನು ಬೋರ್ಡಿನ ಮೇಲೆ ಉಳಿಸಿಕೊಳ್ಳಲು. ಸಮತೋಲ ಕೆಡುವಂಥ ಅಸಮಾನ ಬದಲಾವಣೆಗೂ ಅವರು ಸಿದ್ಧರಿದ್ದರು, ರಾಣಿಯನ್ನು ಎರಡು ಆನೆಗಳಿಗೆ ಬಿಟ್ಟುಕೊಟ್ಟು ಮುಂದುವರಿದರು, ಮತ್ತು 136ನೆಯ ನಡೆಯವರೆಗೆ ಎಳೆದು ಗೆದ್ದರು; ವಿಶ್ವ ಚಾಂಪಿಯನ್‌ಷಿಪ್ ಇತಿಹಾಸದಲ್ಲೇ ಅತಿ ದೀರ್ಘವಾದ ಆಟ ಅದು. ಡಿಂಗ್ ಆರಿಸಿದ್ದೂ ಅದೇ ಬಗೆಯ ಓಪನಿಂಗ್; ಆದರೆ ದೀರ್ಘ ಕಾದಾಟಕ್ಕೆ ಹೇಳಿಮಾಡಿಸಿದ ಆ ಸ್ಥಿತಿಯನ್ನು ಅವರು ಕಾದಾಟದಿಂದ ಹೊರಬರಲು ಬಳಸಿಕೊಂಡರು. ಹನ್ನೆರಡನೆಯ ಆಟದಲ್ಲಿ, ಅಂದರೆ ಮೂರೇ ದಿನ ಮೊದಲು, ಅವರೇ ಅದೇ ಜಿ2ರ ಒಂಟೆಯೊಂದಿಗೆ ಒತ್ತಿ ಒತ್ತಿ ಗೆದ್ದಿದ್ದರು ಎಂಬುದನ್ನು ನೆನೆದರೆ ಈ ಆಯ್ಕೆ ಇನ್ನಷ್ಟು ಬೇಸರ ತರಿಸುತ್ತದೆ.

ಗುಕೇಶ್ ಕಡೆಯಿಂದ ನೋಡಿದಾಗಲೂ ಇದೇ ಕಾಣುತ್ತದೆ. ಅವರ ಆರನೆಯ ನಡೆಯಾದ ಇ7ರ ಕುದುರೆ ಗೆಲುವಿಗಾಗಿ ಆಡಿದ್ದಲ್ಲ, ನೆಮ್ಮದಿಯಾಗಿ ಸಮಬಲ ಸಾಧಿಸಲು ಆಡಿದ್ದು. ಅವರ ಸಾಧನೆಯಿರುವುದು ಬೇರೆ ಕಡೆ: ಎದುರಾಳಿ ಒಂದು ಕಾಲಾಳನ್ನು ಬಿಟ್ಟುಕೊಟ್ಟು ಡ್ರಾ ಕೇಳುತ್ತಿದ್ದಾಗ, ಪುಸ್ತಕದಲ್ಲಿ ಡ್ರಾ ಎಂದು ಬರೆದಿರುವ ಸ್ಥಿತಿಯನ್ನು ಇನ್ನೂ ಇಪ್ಪತ್ತಾರು ನಡೆ ಆಡಿದ್ದು. ಪಂದ್ಯದ ಗುಣಮಟ್ಟವನ್ನು ಕ್ರಾಮ್ನಿಕ್ ಅಂಥವರು ಕಟುವಾಗಿಯೇ ಟೀಕಿಸಿದರು. ಕೊನೆಯ ತಪ್ಪನ್ನು ಮಾತ್ರ ನೋಡಿದರೆ ಆ ಟೀಕೆ ಅರ್ಥವಾಗುತ್ತದೆ, ಆದರೆ ಆ ತಪ್ಪಿಗೆ ಅವಕಾಶ ಒದಗಿಸಿದ ಹಟವನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಓಪನಿಂಗ್ ಕಂಠಪಾಠವೇ ರೋಗ ಎನ್ನುವವರು ಸೂಚಿಸುವ ಮದ್ದು ಫ್ರೀಸ್ಟೈಲ್ ಚೆಸ್. ಬಾಬಿ ಫಿಶರ್ 1996ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಪ್ರಕಟಿಸಿದ ಈ ಬಗೆಯಲ್ಲಿ ಹಿಂದಿನ ಸಾಲಿನ ಕಾಯಿಗಳನ್ನು 960 ರೀತಿಗಳಲ್ಲಿ ಒಂದರಂತೆ ಜೋಡಿಸಲಾಗುತ್ತದೆ, ಹೀಗಾಗಿ ಮನೆಯಲ್ಲಿ ಕಲಿತುಬಂದ ಇಪ್ಪತ್ತು ನಡೆಗಳಿಗೆ ಅಲ್ಲಿ ಕೆಲಸವಿಲ್ಲ. 2025ರಲ್ಲಿ ಜರ್ಮನಿಯ ವೈಸೆನ್‌ಹೌಸ್‌ನಲ್ಲಿ ಶುರುವಾದ ಗ್ರ್ಯಾಂಡ್ ಸ್ಲ್ಯಾಮ್ ಸರಣಿಗೆ ಕಾರ್ಲ್‌ಸನ್ ಅವರ ಬೆಂಬಲವೂ ಇತ್ತು. ಮೊದಲ ಟೂರ್ನಿಯನ್ನು ವಿನ್ಸೆಂಟ್ ಕೀಮರ್ ಗೆದ್ದರು. ಅಲ್ಲಿ ಮೊದಲ ನಡೆಯಿಂದಲೇ ಯೋಚಿಸಬೇಕು ಎಂಬುದು ನಿಜವಾದ ಆಕರ್ಷಣೆ. ಆದರೆ ಸಿಂಗಪುರದ 14ನೆಯ ಆಟವನ್ನು ಆ ವಾದಕ್ಕೆ ಪುರಾವೆಯಾಗಿ ಬಳಸುವುದು ಸಾಧ್ಯವಿಲ್ಲ. ಅಲ್ಲಿ ಕಂಠಪಾಠ ಹತ್ತನೆಯ ನಡೆಯ ಆಸುಪಾಸಿನಲ್ಲೇ ಹಿಂದೆ ಬಿದ್ದಿತ್ತು. ತೀರ್ಮಾನಗಳೆಲ್ಲ ಇಬ್ಬರ ಸ್ವಂತ ತಲೆಯಿಂದ ಬಂದವು. ಬದಲಾವಣೆ ಬೇಕೆನ್ನುವವರು ಕಾಯಿಗಳ ಜೋಡಣೆಗಿಂತ ಮುಂಚೆ ಗಡಿಯಾರದ ಕಡೆ ನೋಡುವುದು ಒಳ್ಳೆಯದು: ನಡೆಗಿಷ್ಟು ಸೆಕೆಂಡ್ ಸೇರುವ ನಿಯಮ ಮೊದಲ ನಡೆಯಿಂದಲೇ ಇರಬೇಕೇ ಅಥವಾ 41ರಿಂದ ಇದ್ದರೆ ಸಾಕೇ ಎಂಬ ಪ್ರಶ್ನೆಗೆ ಆಟಗಾರರಲ್ಲೇ ಒಮ್ಮತವಿಲ್ಲ, ಮತ್ತು ಓಪನಿಂಗ್‌ನಲ್ಲಿ ಸುರಿಯುವ ಯೋಚನೆಯ ಬೆಲೆ ಕೊನೆಯ ಘಟ್ಟವಾದ ಎಂಡ್‌ಗೇಮ್‌ನಲ್ಲಿ ಎಷ್ಟಾಗುತ್ತದೆ ಎಂಬುದು ನಿರ್ಧಾರವಾಗುವುದು ಆ ನಿಯಮದಿಂದಲೇ.